ಅವ್ವನ ಪಹಣಿ

ಠಾಣಾ ಕುಶನೂರ
೯ ಮಾರ್ಚ್ ೨೦೦೩

ಅನುಸೂಯಾ ಅಕ್ಕನವರ ಸನ್ನಿಧಾನಕ್ಕೆ,
ಮಾರ್ಫತ್ ಖಾಜಾ ಮಿಯಾ ಚಹಾ ಹೋಟೆಲ್, ಲಿಂಗಂಪಲ್ಲಿ, ಹೈದರಾಬಾದ.

ವಿಷಯ: ಮಾತೋಶ್ರೀ ಜಿಜಾಬಾಯಿಯವರನ್ನು ಬೀದರಿನ ಡಾಕ್ಟರರಿಗೆ ತೋರಿಸಿದ ಬಗ್ಗೆ ವರದಿ.
ಉಲ್ಲೇಖ: ತಮ್ಮ ಕಳೆದ ತಿಂಗಳ ಪತ್ರ ಮತ್ತು ಅದರಲ್ಲಿನ ನಾಲ್ಕು ಬೈಗುಳಗಳು.

ಸಪ್ರೇಮ ಜೈಭೀಮ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಮ್ಮ ಅವಗಾಹನೆಗೆ ತರುವುದೇನೆಂದರೆ, ‘ಅವ್ವ ಬಿಳಿಚಿಕೊಂಡಾಳ, ನಾಕ ಹೆಜ್ಜಿ ನಡೆದ್ರ ಕೂತು ಉಸಿರು ತಗೋತಾಳ, ನೀ ಕಣ್ಣು ಎಲ್ಲಿಟ್ಟೀದಿ’ ಎಂದು ತಾವು ಬರೆದಿದ್ದಿರಿ. ಕಣ್ಣುಗಳನ್ನು ನಾನು ಅವುಗಳ ಸ್ಥಾನದಲ್ಲಿಯೇ ಇಟ್ಟಿದ್ದೇನೆ. ಈ ವರ್ಷ ಊರಿನಲ್ಲಿ ಬಿಳಿಚಿಕೊಳ್ಳದವರೇ ಇಲ್ಲದ ಕಾರಣ ಅವ್ವನದು ಪ್ರತ್ಯೇಕವಾಗಿ ಗಮನಕ್ಕೆ ಬರಲಿಲ್ಲ. ಅರ್ಧ ಊರು ದುಡಿಯಲು ನಿಮ್ಮ ಹೈದರಾಬಾದಿನ ಕಡೆಗೇ ಹೋಗಿದೆ. ಉಳಿದ ಅರ್ಧ ಕೆರೆಯ ಹೂಳು ತೆಗೆಯುವ ಬರಗಾಲದ ಕಾಮಗಾರಿಯಲ್ಲಿದೆ. ಅಲ್ಲಿ ಅವ್ವ ಬುಟ್ಟಿ ಹೊರುತ್ತಾಳೆ, ನಾನು ಜಾಲಿ ಗಿಡದ ಕೆಳಗೆ ಕುಳಿತು ಹಾಜರಿ ಬರೆಯುತ್ತೇನೆ. ಪಿಯುಸಿ ಪಾಸಾದುದಕ್ಕೆ ಸರ್ಕಾರ ನನಗೆ ದಯಪಾಲಿಸಿದ ನೆರಳು ಇದು.

ತಮ್ಮ ಆಜ್ಞೆಯಂತೆ ಗುರುವಾರ ಬೀದರಿಗೆ ಹೋದೆವು. ಸ್ಯಾಮ್ಯುಯೆಲ ಡಾಕ್ಟರು ನಿನಗೆ ಗೊತ್ತಿರುವವರೇ. ಅಪ್ಪ ಇದ್ದಾಗ ನಾಡಿ ಹಿಡಿದುಕೊಂಡೇ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂಬಲ್ಲಿಂದ ವಿಚಾರಣೆ ಆರಂಭಿಸುತ್ತಿದ್ದರು. ಈಗ ಅವರ ಮೇಜಿನ ಮೇಲೆ ಕಂಪ್ಯೂಟರ್ ಬಂದಿದೆ. ಅದು ಟ್ರಂಕಿನಷ್ಟು ದಪ್ಪ ಇದೆ. ಡಾಕ್ಟರು ಅದರ ಹಿಂದೆ ಕೂತರೆ ಈಚೆಯವರಿಗೆ ಅವರ ಹಣೆ ಮಾತ್ರ ಕಾಣುತ್ತದೆ. ಎರಡೇ ಬೆರಳಿನಿಂದ, ಕೋಳಿ ಕಾಳು ಹೆಕ್ಕಿದಂತೆ, ಅಕ್ಷರ ಹುಡುಕಿ ಹುಡುಕಿ ಕುಟ್ಟುತ್ತಾರೆ.

ಹೊರಗಿನ ಬೆಂಚಿನ ಮೇಲೆ ಈ ಬಗ್ಗೆ ಮಹಾಸಭೆಯೇ ನಡೆದಿತ್ತು. ಸಕೀನಾ ಎಂಬ ಮುದುಕಿ ಹೇಳಿದಳು: ‘ಮೊದಲ ಡಾಕ್ಟರ್ ಸಾಬ ನನ್ನ ನಾಡಿ ಹಿಡೀತಿದ್ರು. ಈಗ ಆ ಪೆಟ್ಟಿಗಿದು ಹಿಡೀತಾರ. ನನಗಿಂತ ಅದಕ್ಕೇ ಬ್ಯಾನಿ ಜಾಸ್ತಿ ಇರಬೇಕು.’ ಆಗಷ್ಟೇ ಒಳಗಿಂದ ಬಂದ ಮುದುಕನೊಬ್ಬ ಮಾತ್ರ ಬಹಳ ಖುಷಿಯಲ್ಲಿದ್ದ. ‘ಮಷೀನದಾಗ ನನ್ನ ಹೆಸರು ಬಂತು, ಕಣ್ಣಾರೆ ಕಂಡೆ’ ಎಂದು ಎಲ್ಲರಿಗೂ ಹೇಳಿ, ಬರೆದುಕೊಟ್ಟ ಗುಳಿಗೆ ತೆಗೆದುಕೊಳ್ಳದೆಯೇ ಮನೆಗೆ ಹೋಗಿಬಿಟ್ಟ. ಅವ್ವ ‘ಅದೇನು ಮಾಡ್ತದೋ ಮಚ್ಛೇಂದ್ರ’ ಎಂದು ಕೇಳಿದಳು. ನಾನು ವಿದ್ಯಾವಂತನಾದ್ದರಿಂದ ಸ್ವಲ್ಪ ಸಾಮಾನ್ಯ ಜ್ಞಾನ ನೀಡಿದೆ. ವಿವರ ಅನಗತ್ಯ.

ಒಳಗೆ ನಡೆದದ್ದು ಇಷ್ಟು.

‘ಏನಾಗ್ಯದ ಬಾಯಿ?’

ಅವ್ವ ನನ್ನನ್ನು ನೋಡಿದಳು. ಪೆಟ್ಟಿಗೆಯನ್ನು ನೋಡಿದಳು.

‘ಹೇಳಬೇಕು ಬಾಯಿ, ಬರಕೋಬೇಕಲ್ಲ.’

‘ಮೊಣಕಾಲರಿ.’

ಟಕ್. ಟಕ್. ಟಕ್.

‘ಮತ್ತ?’

‘ಮತ್ತೇನಿಲ್ಲರಿ. ಬರೇ ಮೊಣಕಾಲು.’

ಹೀಗೆ ಮೊಣಕಾಲಿನ ಗುಳಿಗೆ ಪಡೆದು ಮರಳಿದೆವು. ತಮ್ಮ ಆತಂಕ ನಿವಾರಣೆಯಾಯಿತೆಂದು ಭಾವಿಸುತ್ತೇನೆ. ಮಾಣಿಕ ಭಾವನವರಿಗೆ ಜೈಭೀಮ.

ತಮ್ಮ ಆಜ್ಞಾಧಾರಕ ತಮ್ಮ,
ಮಚ್ಛೇಂದ್ರ

---

ಲಿಂಗಂಪಲ್ಲಿ
೧೮ ಮಾರ್ಚ್ ೨೦೦೩

ತಮ್ಮ ಮಚ್ಛೇಂದ್ರನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂತು. ಹೋಟೆಲಿನ ಮುಂದೆ ನಿಂತು ಓದಿ ನಕ್ಕೆ. ಖಾಜಾ ಮಿಯಾ ‘ಏನ್ ಬಾಯಿ, ಊರಾಗ ಮಳಿ ಬಂತೇನು’ ಅಂತ ಕೇಳಿದರು. ಮೊಣಕಾಲು ಅನ್ನುವ ಕಡೆ ಬಂದಾಗ ನಗು ನಿಂತಿತು.

ನಾನು ಮೊಣಕಾಲು ಅಂತ ಎಲ್ಲಿ ಬರೆದಿದ್ದೆ? ಅವ್ವ ಎಂದಾದರೂ ಮೊಣಕಾಲು ಅಂದಿದ್ದಾಳಾ? ಇದು ನೀನು ನಗಿಸಲು ಸೇರಿಸಿದ್ದೋ, ಅವಳೇ ಹಾಗೆ ಅಂದಳೋ? ನಿನ್ನ ಕಾಗದದಲ್ಲಿ ಯಾವುದು ಖರೆ, ಯಾವುದು ಚಾಷ್ಟಿ ಎಂದು ನನಗೆ ತಿಳಿಯುವುದಿಲ್ಲ. ಚಾಷ್ಟಿ ಇರುವ ಕಡೆ ಇನ್ನು ಮೇಲೆ ಗೆರೆ ಎಳೆ.

ಅವ್ವನಿಗೆ ಇಷ್ಟೇ ಓದಿ ಹೇಳು: ‘ಹಲಬರ್ಗಾದ ಮಾತು ಡಾಕ್ಟರಿಗೆ ಹೇಳಿದ್ಯಾ?’ ಅವಳು ಏನು ಅಂದಳೋ ಅದನ್ನೇ ಬರೆ. ನಿನ್ನದು ಸೇರಿಸಬೇಡ.

ಎಸ್‌ಟಿಡಿ ಡಬ್ಬಿಯಿಂದ ಫೋನು ಮಾಡೋಣವೆಂದರೆ ಕುಶನೂರಿನ ಅಂಗಡಿಯಲ್ಲಿ ಅವ್ವನ ಜೊತೆ ಹತ್ತು ಜನ ಕಿವಿ ಕೊಟ್ಟು ನಿಂತಿರುತ್ತಾರೆ. ಬರಬೇಕೆಂದರೆ ಇಲ್ಲಿ ನಾವು ಕಟ್ಟುತ್ತಿರುವ ಕಟ್ಟಡದ ಏಳನೆಯ ಮಜಲಿ ಎದ್ದಿದೆ. ಸ್ಲ್ಯಾಬ್ ಮುಗಿಯುವ ತನಕ ಮುಕಾದಮ ಯಾರನ್ನೂ ಬಿಡುವುದಿಲ್ಲ.

ಅನುಸೂಯಾ

---

ಠಾಣಾ ಕುಶನೂರ
೩೦ ಮಾರ್ಚ್ ೨೦೦೩

ಶ್ರೀಮತಿ ಅನುಸೂಯಾ ಅಕ್ಕನವರಿಗೆ,

ವಿಷಯ: ಹಲಬರ್ಗಾ ಶಾಂತಿ ಸಂಧಾನ ಹಾಗೂ ಎರಡನೆಯ ಬೀದರ ಭೇಟಿ.

ತಮ್ಮ ಪ್ರಶ್ನೆಯನ್ನು ಅಕ್ಷರಶಃ ಓದಿ ಹೇಳಲಾಯಿತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಅವಳ ಉತ್ತರ, ದೃಢೀಕೃತ ಪ್ರತಿ: ‘ಅಕೀಗಿ ಬರಿ, ಹಲಬರ್ಗಾದ್ದು ಹಲಬರ್ಗಾದಾಗೇ ಮುಗೀತು ಅಂತ.’ ಆಮೇಲೆ ಆ ರೊಟ್ಟಿಯನ್ನು ಹರಿದು ಹೋಗುವಂತೆ ಬಡಿದಳು.

ನನಗೆ ಕೂಡಲೇ ಅರ್ಥವಾಯಿತು. ದೀಪಾವಳಿಗೆ ನೀವಿಬ್ಬರೂ ಹಲಬರ್ಗಾದಲ್ಲಿ ನಿನ್ನ ಅತ್ತೆ ಕೇಶರಬಾಯಿಯವರ ಮನೆಯಲ್ಲಿ ಎಂಟು ದಿನ ಇದ್ದಿರಿ. ಬೀಗತಿಯರ ನಡುವೆ ಏನೋ ಮಾತು ಬಂದಿರಬೇಕು, ಆ ಕೊರಗಿನಿಂದಲೇ ಅವ್ವ ಬಿಳಿಚಿಕೊಂಡಿರಬೇಕು. ಆದ್ದರಿಂದ ಉಭಯ ಪಕ್ಷಗಳ ನಡುವೆ ರಾಜಿ ಮಾಡಿಸಲು ಭಾಲ್ಕಿಗೆ ಹೋಗಿ, ಪೇಟೆಯಲ್ಲಿ ಅರ್ಧ ಕಿಲೋ ಜಿಲೇಬಿ ಕಟ್ಟಿಸಿಕೊಂಡು ಹಲಬರ್ಗಾ ತಲುಪಿದೆ. ಜಗಳದ ವಿಷಯ ಎತ್ತಿದೆ.

‘ಯಾವ ಜಗಳೋ?’ ಎಂದರು ಕೇಶರಬಾಯಿ.

‘ನೀವು ನಮ್ಮವ್ವಗ ಏನೋ ಅಂದೀರಂತರಿ.’

‘ಅಂದೀನಿ. ದವಾಖಾನಿಗಿ ಹೋಗು ಅಂದೀನಿ. ಅಷ್ಟ ಅಂದಿದ್ದು ನಾ.’

ಜಿಲೇಬಿಯ ಪೊಟ್ಟಣವನ್ನು ಅವರ ಮುಂದಿಟ್ಟೆ. ಅಜ್ಜಿಯ ಹತ್ತಿರ ಇರುವ ನಿನ್ನ ಮಗಳು ಎಲ್ಲ ತಿಂದಳು. ಸಂಧಾನ ಯಶಸ್ವಿಯಾಯಿತೋ ವಿಫಲವಾಯಿತೋ ಇಂದಿಗೂ ಗೊತ್ತಿಲ್ಲ.

ಇನ್ನು ಎರಡನೆಯ ಭೇಟಿ. ಗುಳಿಗೆ ಮುಗಿದಿದ್ದವು, ಮುಖದ ಬಿಳುಪು ಹಾಗೇ ಇತ್ತು. ಡಾಕ್ಟರು ಅವ್ವನ ಹೆಸರು ಕುಟ್ಟಿದರು. ‘ಹಾಂ, ಜಿಜಾಬಾಯಿ, ಮೊಣಕಾಲು’ ಎಂದು ಪೆಟ್ಟಿಗೆಯಲ್ಲೇ ಓದಿ, ‘ಹ್ಯಾಂಗದ ಈಗ ಮೊಣಕಾಲು?’ ಎಂದರು. ಅವ್ವ ಅವರ ಮಾತು ಕೇಳುತ್ತಲೇ ಇರಲಿಲ್ಲ. ಅವಳು ಕುಳಿತ ಕಡೆಯಿಂದ ಕಂಪ್ಯೂಟರಿನ ಬೆನ್ನು ಕಾಣುತ್ತಿತ್ತು. ಅದರಿಂದ ಹೊರಟ ಒಂದು ಕರಿ ವೈರನ್ನು ಕಣ್ಣಿನಿಂದಲೇ ಹಿಂಬಾಲಿಸಿ ಮೇಜಿನ ಕೆಳಗೆ, ಗೋಡೆಗೆ, ಕಿಟಕಿಯವರೆಗೆ ಹೋದಳು.

‘ಡಾಕ್ಟರ್ ಸಾಬ, ಈ ವೈರ್ ಎಲ್ಲೀತನಕ ಹೋಗ್ತದ್ರಿ?’

‘ಕರೆಂಟಿಗಿ ಬಾಯಿ.’

‘ಅದರ ಮುಂದ?’

‘ಮುಂದೇನು, ಕಂಬಕ್ಕ.’

‘ಕಂಬದಿಂದ ಔರಾದಿಗಿ ಹೋಗ್ತದೇನ್ರಿ?’

ಡಾಕ್ಟರು ನಕ್ಕು, ‘ಎಲ್ಲಾ ಕಡೆ ಹೋಗ್ತದ’ ಎಂದರು. ಕ್ಯಾಥರಿನ ಸಿಸ್ಟರ್ ಕೂಡ ನಕ್ಕರು. ನಾನೊಬ್ಬನೇ ನಗಲಿಲ್ಲ. ಅದು ಈ ವರದಿಯ ವ್ಯಾಪ್ತಿಗೆ ಬರುವುದಿಲ್ಲ.

ಮೊಣಕಾಲಿಗೆ ಇನ್ನೂ ದೊಡ್ಡ ಗುಳಿಗೆ ಕೊಟ್ಟಿದ್ದಾರೆ. ಮೊನ್ನೆ ಕಾಮಗಾರಿಯಲ್ಲಿ ಅವ್ವ ಎರಡು ಸಲ ಬುಟ್ಟಿ ಇಳಿಸಿ ಕೂತಳು. ಹಾಜರಿಯಲ್ಲಿ ಪೂರ್ಣ ದಿನ ಬರೆದಿದ್ದೇನೆ.

ಗೆರೆ ಎಳೆಯಬೇಕೆಂದು ಅಪ್ಪಣೆಯಾಗಿತ್ತು. ಈ ಕಾಗದದಲ್ಲಿ ಎಲ್ಲಿ ಎಳೆಯಬೇಕೆಂದು ನನಗೇ ತಿಳಿಯದ್ದರಿಂದ ಎಳೆದಿಲ್ಲ.

ಮಚ್ಛೇಂದ್ರ

---

ಲಿಂಗಂಪಲ್ಲಿ
೮ ಏಪ್ರಿಲ್ ೨೦೦೩

ಮಚ್ಛೇಂದ್ರ,

ನೀನು ಜಿಲೇಬಿ ತೆಗೆದುಕೊಂಡು ನಮ್ಮ ಅತ್ತೆಯ ಮನೆಗೆ ಹೋದದ್ದು ಓದಿ ನಾನು ಸಿಮೆಂಟಿನ ಚೀಲದ ಮೇಲೆ ಕೂತುಬಿಟ್ಟೆ. ನಗಬೇಕೋ ನಿನ್ನನ್ನು ಬಡಿಯಬೇಕೋ ತಿಳಿಯಲಿಲ್ಲ.

ಜಗಳ ಅಲ್ಲ. ಕೇಳು. ಅವ್ವನಿಗೆ ಇರುವ ಬೇನೆ ಮೊಣಕಾಲಿನದಲ್ಲ. ಅದು ಹೆಣ್ಣುಮಕ್ಕಳ ಮೈಯ ಮಾತು. ಅವಳು ನನಗೂ ಬಾಯಿಬಿಟ್ಟು ಹೇಳಲಿಲ್ಲ. ಹಲಬರ್ಗಾದಲ್ಲಿ ಮಧ್ಯಾಹ್ನ ಎಲ್ಲರೂ ಮಲಗಿದಾಗ ಬಾವಿಯ ಹಿಂದೆ ಬಟ್ಟೆ ಒಗೆಯುತ್ತಿದ್ದಳು. ನಾನು ಕಂಡೆ, ಅತ್ತೆಯೂ ಕಂಡರು. ‘ಡಾಕ್ಟರಿಗಿ ಹೇಳ್ತೇನಿ, ನೀ ಯಾರಿಗೂ ಹೇಳಬ್ಯಾಡ’ ಎಂದು ನನ್ನ ಕೈಮೇಲೆ ಕೈಯಿಟ್ಟು ಹೇಳಿದ್ದಳು. ಹೇಳುತ್ತಾಳೆ ಅಂದುಕೊಂಡೇ ನಾನು ಇಲ್ಲಿಗೆ ಬಂದೆ.

ಈಗ ಎರಡು ಸಲ ಡಾಕ್ಟರ ಮುಂದೆ ಕೂತು ಬಂದಿದ್ದಾಳೆ, ಎರಡು ಸಲವೂ ಹೇಳಿಲ್ಲ. ಯಾಕೆ? ಸ್ಯಾಮ್ಯುಯೆಲ ಡಾಕ್ಟರ ಮುಂದೆ ಅವಳಿಗೆ ನಾಚಿಕೆ ಇಲ್ಲ. ನಾವು ಹುಟ್ಟುವಾಗಲೂ ಅವರೇ ಇದ್ದರಂತೆ. ಆ ಕಂಪ್ಯೂಟರ್ ನೋಡಿ ಹೆದರಿದಳಾ? ಹೆದರುವ ಹೆಂಗಸಾ ಅವಳು?

ಅವ್ವನಿಗೆ ನಾನು ಬರೆದರೆ ಓದುವವನು ನೀನು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಕ್ಯಾಥರಿನ ಸಿಸ್ಟರಿಗೆ. ಮಡಚಿ ಸುತ್ತ ದಾರದಿಂದ ಹೊಲಿದಿದ್ದೇನೆ. ಬಿಚ್ಚಬೇಡ. ನೀನು ಬಿಚ್ಚಿ ಮತ್ತೆ ಹೊಲಿಯಬಲ್ಲೆ ಎಂಬುದೂ ನನಗೆ ಗೊತ್ತು, ಅದಕ್ಕೆ ಟಾಕೆಗಳನ್ನು ಎಣಿಸಿ ಚೀಟಿಯ ಒಳಗೇ ಬರೆದಿದ್ದೇನೆ.

ಈ ವಾರವೇ ಕರೆದುಕೊಂಡು ಹೋಗು. ತಪ್ಪಿಸಬೇಡ.

ಅಕ್ಕ

---

ಠಾಣಾ ಕುಶನೂರ
೨೭ ಏಪ್ರಿಲ್ ೨೦೦೩

ಅಕ್ಕಾ,

ಹತ್ತೊಂಬತ್ತು ದಿನ ತಡವಾಯಿತು. ಚೀಟಿ ಹೊಲಿಗೆ ಸಮೇತ ನನ್ನ ಹತ್ತಿರವೇ ಇದೆ. ಬಿಚ್ಚಿಲ್ಲ. ಬೀದರಿಗೆ ಹೋಗಿಲ್ಲ. ಅವ್ವ ಬರುವುದಿಲ್ಲ ಅನ್ನುತ್ತಾಳೆ.

ಯಾಕೆ ಎಂದು ನೀನು ಕೇಳಿದ್ದೆ. ನನ್ನಿಂದ.

ಮೊದಲ ದಿನ ಬೆಂಚಿನ ಮೇಲೆ ಅವಳು ‘ಅದೇನು ಮಾಡ್ತದೋ’ ಎಂದು ಕೇಳಿದಾಗ ನಾನು ಬಹಳ ಗಂಭೀರವಾಗಿ ಹೇಳಿದೆ: ‘ಇದು ಔರಾದ ತಹಸೀಲ ಕಚೇರಿಯಾಗ ಅದ ನೋಡವ್ವ, ಪಹಣಿ ಕೊಡುವ ಕಂಪ್ಯೂಟರ್, ಅದರ ತಮ್ಮ. ಇಲ್ಲಿ ಕುಟ್ಟಿದ್ದೆಲ್ಲ ಅಲ್ಲಿ ಹೋಗಿ ಬೀಳ್ತದ. ನಾಳಿ ಯಾರರೆ ಖಿಡಕ್ಯಾಗ ಹದಿನೈದು ರೂಪಾಯಿ ಇಟ್ಟು ಜಿಜಾಬಾಯಿ ಅಂದ್ರ ಸಾಕು, ನಿನ್ನ ಮೈಯ ಪಹಣಿ ಅಚ್ಚಾಗಿ ಬರ್ತದ.’

ಹೋದ ವರ್ಷ ಓಣಿಯ ಪಂಢರಿ ಮಾಡಿದ್ದು ನಿನಗೆ ನೆನಪಿರಬೇಕು. ಹದಿನೈದು ರೂಪಾಯಿ ಕೊಟ್ಟು, ಇನ್ನೂ ಅಪ್ಪನ ಹೆಸರಿನಲ್ಲೇ ಇದ್ದ ನಮ್ಮ ಹೊಲದ ಪಹಣಿ ತೆಗೆಸಿ, ‘ದತ್ತಾತ್ರಿ ಸತ್ತು ಎರಡು ವರ್ಷ ಆಯ್ತು, ಕಂಪ್ಯೂಟರದಾಗ ಇನ್ನ ಬದುಕ್ಯಾನ ನೋಡ್ರಿ’ ಎಂದು ಕಟ್ಟೆಯ ಮೇಲೆ ಕುಳಿತವರಿಗೆಲ್ಲ ತೋರಿಸಿದ್ದ. ಅವ್ವ ಎರಡು ದಿನ ಹೊರಗೆ ಬರಲಿಲ್ಲ. ನನ್ನ ಚಾಷ್ಟಿ ಅವಳ ಮನಸ್ಸಿನಲ್ಲಿ ಎಲ್ಲಿ ಹೋಗಿ ಕೂತಿತೆಂದು ನನಗೆ ಆಗ ಹೊಳೆಯಲಿಲ್ಲ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ಅವಳು ತಲೆಯಾಡಿಸಿ ಸೆರಗು ಸರಿ ಮಾಡಿಕೊಂಡಳು. ಆಗಲೇ ಒಳಗಿಂದ ಕರೆ ಬಂತು. ಅವಳು ಮೊಣಕಾಲು ಅಂದಳು.

ನಿನ್ನ ಕಾಗದ ಬಂದ ದಿನವೇ ಅವಳಿಗೆ ಎಲ್ಲ ಹೇಳಿದೆ. ಸುಳ್ಳವ್ವ, ಆ ವೈರ್ ಔರಾದಿಗೆ ಹೋಗೋದಿಲ್ಲ, ನಾನೇ ಕಟ್ಟಿ ಹೇಳಿದ್ದು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

‘ನೀ ಈಗ ಸುಳ್ಳ ಹೇಳ್ಲಾಕತ್ತಿ.’

‘ಇಲ್ಲವ್ವ, ಅವತ್ತು ಸುಳ್ಳ ಹೇಳಿದ್ದೆ.’

‘ಅವತ್ತು ನಿನ್ನ ಮಾರಿ ನೋಡೀನಿ, ಕಲ್ಲಿನಂಗ ಇತ್ತು. ಈಗ ನೋಡು, ತುಟಿ ನಡುಗ್ತದ. ಚಾಷ್ಟಿ ಮಾಡುವಾಗ ನಿನ್ನ ತುಟಿ ಸಣ್ಣಾವಿದ್ದಾಗಿಂದ ಹಿಂಗೇ ನಡುಗ್ತದ.’

‘ಆಣಿ ಮಾಡ್ಲಾ?’

‘ಮಾಡು. ಎಷ್ಟು ಆಣಿ ಮಾಡೀದಿ ನೀ. ಡಾಕ್ಟರ್ ಸಾಬನೇ ಅಂದಾರ, ಎಲ್ಲಾ ಕಡೆ ಹೋಗ್ತದ ಅಂತ. ನೀ ಅವರಕಿಂತ ಶಾಣ್ಯಾ ಏನು?’

ದಿನವೂ ಹೇಳುತ್ತೇನೆ. ದಿನದಿಂದ ದಿನಕ್ಕೆ ಅವಳಿಗೆ ನನ್ನ ಸುಳ್ಳು ಗಟ್ಟಿ, ಖರೆ ಟೊಳ್ಳಾಗಿ ಕಾಣುತ್ತಿದೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಹಾಜರು ಬರೆದು ಮನೆಗೆ ಕಳಿಸುತ್ತೇನೆ. ಅದಕ್ಕೂ ಬೈಯುತ್ತಾಳೆ, ಬುಟ್ಟಿ ಹೊರಲು ಮತ್ತೆ ಬರುತ್ತಾಳೆ.

ಏನು ಮಾಡಲಿ?

ಮಚ್ಛೇಂದ್ರ

---

ಲಿಂಗಂಪಲ್ಲಿ
೪ ಮೇ ೨೦೦೩

ಮಚ್ಛೇಂದ್ರ,

ಈ ಕಾಗದದ ಮೇಲೆ ನೀನು ವಿಷಯ ಎಂದು ಬರೆದಿರಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆ ಆಯಿತು.

ನಿನ್ನನ್ನು ಆಮೇಲೆ ಬೈಯುತ್ತೇನೆ. ಈಗ ಬರೆದುಬಿಡುತ್ತೇನೆ, ನೀನು ನಾಚಬೇಡ, ನಾನೂ ನಾಚುವುದಿಲ್ಲ. ಅವ್ವನ ಮುಟ್ಟು ನಿಂತು ನಾಲ್ಕು ವರ್ಷ ಆಗಿತ್ತು. ದೀಪಾವಳಿಗಿಂತ ಮೊದಲೇ ಮತ್ತೆ ರಕ್ತ ಹೋಗಲು ಶುರುವಾಗಿದೆ. ನಿಂತಿಲ್ಲ. ನಮ್ಮ ಪಕ್ಕದ ಜೋಪಡಿಯ ಆಬೇದಾಳ ಅತ್ತೆಗೆ ಹೀಗೇ ಆಗಿತ್ತಂತೆ. ಅವರೂ ಸುಮ್ಮನಿದ್ದರಂತೆ. ಈಗ ಅವರು ಇಲ್ಲ.

ಅವ್ವನಿಗೆ ಗದರಬೇಡ, ಆಣೆ ಮಾಡಬೇಡ, ನಿನ್ನ ಮಾತಿನಿಂದ ಇದು ಬಗೆಹರಿಯುವುದಿಲ್ಲ. ಅವಳು ಕಣ್ಣಿನಿಂದ ಕಂಡದ್ದನ್ನು ಮಾತ್ರ ನಂಬುತ್ತಾಳೆ. ಏನಾದರೂ ತೋರಿಸು. ಏನು ಎಂದು ನನಗೆ ಗೊತ್ತಿಲ್ಲ. ಊರಿಗೆಲ್ಲ ಮರುಳು ಮಾಡುವ ತಲೆ ನಿನ್ನದು, ಒಂದು ಸಲ ಇದಕ್ಕೆ ಉಪಯೋಗಿಸು.

ಅಕ್ಕ

---

ಠಾಣಾ ಕುಶನೂರ
೨೧ ಮೇ ೨೦೦೩

ಅಕ್ಕಾ,

ನಿನ್ನ ಕಾಗದ ಓದಿ ಎರಡು ದಿನ ಅವ್ವನ ಮುಖ ನೋಡಲಾಗಲಿಲ್ಲ. ಆಮೇಲೆ ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ: ‘ನಡಿ, ಔರಾದಿಗಿ ಹೋಗಮು. ಖಿಡಕ್ಯಾಗ ಹದಿನೈದು ರೂಪಾಯಿ ಇಟ್ಟು ಕೇಳಮು. ನಿನ್ನ ಬ್ಯಾನಿ ಅಲ್ಲಿ ಬಂದಿದ್ರ ಬೀದರದ ಹೆಸರು ಮತ್ತ ಎತ್ತೋದಿಲ್ಲ.’ ಅವಳು ಒಂದು ವಾರ ಯೋಚಿಸಿದಳು. ಸೋಮವಾರ ಮುಂಜಾನೆ ತಾನೇ ಚಪ್ಪಲಿ ಮೆಟ್ಟಿ ನಿಂತಳು.

ಕಚೇರಿಯ ಕಿಟಕಿಯ ಮುಂದೆ ಮೂವತ್ತು ಜನರ ಸಾಲು. ನಮಗಿಂತ ನಾಲ್ಕು ಜನ ಮುಂದೆ ಪಂಢರಿ. ಹಿಂದೆ ಸರಿಯೋಣ ಅನಿಸಿತು. ಅವ್ವ ನನ್ನ ಬೆನ್ನಿಗೆ ಕೈಯಿಟ್ಟು ನಿಂತಿದ್ದಳು, ಸರಿಯಲು ಜಾಗ ಇರಲಿಲ್ಲ.

‘ಸರ್ವೇ ನಂಬರ?’ ಎಂದರು ಒಳಗಿನವರು.

‘ಹೊಲದ್ದಲ್ಲರಿ. ಜಿಜಾಬಾಯಿ ಗಂಡ ದತ್ತಾತ್ರಿ, ಠಾಣಾ ಕುಶನೂರ. ಇವರ ಮೈಯಾಗಿನ ಬ್ಯಾನಿದ್ರಿ.’

‘ಏನು?’

‘ಬ್ಯಾನಿದು ಪಹಣಿ. ಬೀದರದಾಗ ಡಾಕ್ಟರ್ ಬರೆದಾರ. ಇಲ್ಲಿ ಬಂದದೇನು ನೋಡ್ರಿ.’

ಸಾಲಿಗೆ ಸಾಲೇ ನಕ್ಕಿತು. ಹಿಂದಿನಿಂದ ಯಾರೋ ‘ಮುಂಜಾನಿನೇ ಹಾಕ್ಯಾನ’ ಅಂದರು. ಪಂಢರಿ ತನ್ನ ಕಾಗದ ಹಿಡಿದುಕೊಂಡವನು ಹೋಗದೆ ನಿಂತು, ‘ಪಿಯುಸಿ ಓದ್ಯಾನ್ರಿ ಇಂವ, ನಮ್ಮೂರ ಅರ್ಜಿ ಎಲ್ಲಾ ಇಂವನೇ ಬರೀತಾನ’ ಎಂದು ಎಲ್ಲರಿಗೂ ಪರಿಚಯ ಮಾಡಿಕೊಟ್ಟ. ಊರಿನವರನ್ನೆಲ್ಲ ನಾನು ಎಷ್ಟು ಸಲ ಹೀಗೆ ನಗೆಪಾಟಲಿಗೆ ನಿಲ್ಲಿಸಿದ್ದೇನೆ. ನಿಂತವನ ಕಡೆಯಿಂದ ನೋಡಿದರೆ ಅದು ಬೇರೆಯೇ ಇದೆ.

ಕಿಟಕಿಯವರು ಒಳ್ಳೆಯವರು. ಅವ್ವನನ್ನು ನೋಡಿದರು, ನಗಲಿಲ್ಲ. ಪರದೆಯನ್ನು ಅವಳ ಕಡೆ ತಿರುಗಿಸಿದರು.

‘ನೋಡ್ರಿ ಬಾಯಿ, ಇದರಾಗ ಬರೇ ಹೊಲ ಅವ. ಮನಷ್ಯಾರ ಬ್ಯಾನಿ ಇಲ್ಲ.’

ಅವ್ವ ಕಂಬಿಗಳ ನಡುವೆ ಮುಖವಿಟ್ಟು ನೋಡಿದಳು. ಅಕ್ಷರ ಬಾರದವಳು ಏನು ನೋಡಿದಳೋ. ಆಮೇಲೆ ಮೆಲ್ಲಗೆ ಅಂದಳು, ‘ನನ್ನದು ಬಿಡ್ರಿ. ಈ ಪಂಢರಿದು ನೋಡ್ರಿ. ಹೋದ ತಿಂಗಳು ಮೂಲವ್ಯಾಧಿ ಅಂತ ಅದೇ ಡಾಕ್ಟರಿಗಿ ತೋರಿಸ್ಕೊಂಡು ಬಂದಾನ. ಅದು ಅದ ಏನು?’

ಸಾಲು ಪಂಢರಿಯ ಕಡೆ ತಿರುಗಿತು. ಕಿಟಕಿಯವರು ತುಟಿ ಕಚ್ಚಿಕೊಂಡು ಎರಡು ಗುಂಡಿ ಒತ್ತಿದರು. ‘ಪಂಢರಿ ಅವರದು ಎರಡು ಎಕರೆ ತೊಗರಿ ಹೊಲ ಅದರಿ. ವ್ಯಾಧಿ ಯಾವುದೂ ಇಲ್ಲ.’

ಪಂಢರಿ ಯಾವ ಬಾಗಿಲಿನಿಂದ ಹೋದನೋ ನಾನು ನೋಡಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಅವ್ವ ಕೂತಳು. ‘ಪಂಢರಿದೂ ಇಲ್ಲ ಅಂದ್ರ ಇಲ್ಲ’ ಅಂದಳು. ಮತ್ತೆ ಕೇಳಿದಳು: ‘ಹಂಗಾದ್ರ ಡಾಕ್ಟರ್ ಕುಟ್ಟಿದ್ದು ಎಲ್ಲಿ ಹೋಗ್ತದ?’

ನನಗೆ ಏನು ಬೇಕಾದರೂ ಹೇಳಬಹುದಿತ್ತು. ‘ಗೊತ್ತಿಲ್ಲವ್ವ’ ಅಂದೆ. ಅದು ಖರೆಯೇ, ನನಗೆ ಗೊತ್ತಿಲ್ಲ. ಪೆಟ್ಟಿಗೆಯೊಳಗೆ ಇರುತ್ತದೋ, ಡಾಕ್ಟರು ದೀಪ ಆರಿಸಿದಾಗ ಹೋಗಿಬಿಡುತ್ತದೋ, ಇನ್ನೆಲ್ಲಾದರೂ ಇದೆಯೋ. ಅವಳು ನನ್ನ ತುಟಿಯನ್ನು ನೋಡಿದಳು. ‘ಬೀದರದ ಬಸ್ ಎಷ್ಟಕ್ಕದ?’ ಎಂದಳು.

ನಿನ್ನೆ ಹೋಗಿ ಬಂದೆವು. ಚೀಟಿಯನ್ನು ಕ್ಯಾಥರಿನ ಸಿಸ್ಟರ ಕೈಗೆ ಕೊಟ್ಟೆ. ಅವರು ಬಾಗಿಲ ಬಳಿಯೇ ಓದಿ, ನನ್ನನ್ನು ಹೊರಗೆ ನಿಲ್ಲಿಸಿ ಪರದೆ ಎಳೆದರು. ಟಕ್ ಟಕ್ ಸ್ವಲ್ಪ ಹೊತ್ತು ಕೇಳಿತು. ನಿಂತಿತು. ಎಷ್ಟೋ ಹೊತ್ತು ಏನೂ ಕೇಳಲಿಲ್ಲ. ಮತ್ತೆ ಶುರುವಾಯಿತು. ಅವ್ವ ಒಳಗೆ ಮುಕ್ಕಾಲು ಗಂಟೆ ಇದ್ದಳು. ಬಂದ ಮೇಲೆ ನಾನು ಏನೂ ಕೇಳಿಲ್ಲ, ಅವಳ ಮುಖದಿಂದ ನನಗೇನೂ ತಿಳಿಯಲಿಲ್ಲ. ಕೆರೆಯ ಕೆಲಸಕ್ಕೆ ಮಾತ್ರ ಹೋಗುವುದಿಲ್ಲ ಅಂದಿದ್ದಾಳೆ.

ಇದರ ಜೊತೆ ಇನ್ನೊಂದು ಲಕೋಟೆ ಇದೆ. ಅವ್ವ ಅಲ್ಲೇ ಕೂತು ಸಿಸ್ಟರ್ ಕೈಯಿಂದ ಬರೆಸಿದ್ದು. ಅಂಟಿಸಿದ್ದಾರೆ. ಇದಕ್ಕೆ ಟಾಕೆ ಇಲ್ಲ. ಬಿಸಿ ಆವಿ ತೋರಿಸಿದರೆ ಗೋಂದು ಬಿಡುತ್ತದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ತೋರಿಸಿಲ್ಲ.

ಮಚ್ಛೇಂದ್ರ

---

ಬೀದರ
೨೦ ಮೇ ೨೦೦೩

(ಜಿಜಾಬಾಯಿಯವರು ಹೇಳಿದಂತೆಯೇ ಬರೆದಿದ್ದೇನೆ. ಕ್ಯಾಥರಿನ.)

ಅನುಸೂಯಾ,

ನಾ ಹೇಳ್ತೇನಿ, ಈಕಿ ಬರೀತಾಳ. ಒಂದೂ ಬಿಡಬ್ಯಾಡ, ಒಂದೂ ಕೂಡಸಬ್ಯಾಡ ಅಂದೀನಿ. ಹೂಂ ಅಂದಾಳ.

ನಿನ್ನ ಚೀಟಿ ಈಕಿ ಓದ್ಯಾಳ. ಡಾಕ್ಟರಿಗಿ ಕೊಡ್ಲಿಕ್ಕೆ ಹೋದಳು. ಬ್ಯಾಡ, ನಾನೇ ಹೇಳ್ತೇನಿ ಅಂದೆ. ಆದ್ರ ಡಾಕ್ಟರ್ ಆಗಲೇ ಕುಟ್ಟಲಿಕ್ಕೆ ಹತ್ತಿದ್ರು, ಜಿಜಾಬಾಯಿ, ಮೊಣಕಾಲು, ಅಂತ. ನಾ ಅಂದೆ, ಡಾಕ್ಟರ್ ಸಾಬ, ಮೊದಲ ಅದರಾಗಿಂದು ಆ ಮೊಣಕಾಲು ತಗೀರಿ. ಯಾಕ ಬಾಯಿ, ಕಡಿಮಿ ಆಯ್ತೇನು ಅಂದ್ರು. ನೋವೇ ಇರಲಿಲ್ಲರಿ ಅಂದೆ.

ಆಗ ಕೈ ನಿಂತವು. ಆ ಪೆಟ್ಟಿಗಿ ಬಾಜೂಕಿನಿಂದ ಮಾರಿ ಹೊರಗ ತಗದು ನನಗ ನೋಡಿದ್ರು. ಮುದುಕ ಆಗ್ಯಾರ. ಎರಡು ಸಲ ಬಂದೀನಿ, ನಾನೂ ಅವರಿಗಿ ನೋಡಿರಲಿಲ್ಲ, ಬರೇ ವೈರ್ ನೋಡೀನಿ. ಎರಡೂ ಸಲ ಸುಳ್ಳ ಹೇಳಿದ್ಯೇನು ಬಾಯಿ ಅಂದ್ರು. ಹೂಂರಿ ಅಂದೆ, ನೀವೂ ಎರಡೂ ಸಲ ಬರಕೊಂಡ್ರಿ. ಸಿಟ್ಟಿಗೇಳ್ತಾರ ಅಂತ ಮಾಡಿದ್ದೆ. ಏಳಲಿಲ್ಲ. ಎದ್ದು ಬಂದು ಕಣ್ಣಿನ ಕೆಳಗ ಬೆರಳಿಟ್ಟು ಜಗ್ಗಿ ನೋಡಿದ್ರು. ರಕ್ತ ಎಲ್ಲಿ ಹೋಯ್ತವ್ವ ಅಂದ್ರು. ಆಗ ಹೇಳಿದೆ. ಎಲ್ಲಾ ಹೇಳಿದೆ.

ಹೇಳಿದ ಮ್ಯಾಲ ಹೋಗಿ ಮತ್ತ ಕುಟ್ಟಿದ್ರು. ಕುಟ್ಟಲಿ ಅಂದೆ. ನಾ ಅಳ್ತಿದ್ದೆ. ಅದನ್ನೂ ಬರಕೊಂಡ್ರೋ ಏನೋ ಗೊತ್ತಿಲ್ಲ. ಏನು ಬರೆದೀರಿ ಓದ್ರಿ ಅಂದ್ರ ಇಂಗ್ಲಿಷಿನ್ಯಾಗ ಓದಿದ್ರು. ತಿಳೀಲಿಲ್ಲ. ಕನ್ನಡದಾಗ ಹೇಳ್ರಿ ಅಂದೆ. ನಾ ಎಷ್ಟೊತ್ತಿನ ತನಕ ಹೇಳಿದ್ದು, ಅದು ಎರಡೇ ಸಾಲ ಆಗಿತ್ತು. ಆದ್ರ ಸುಳ್ಳ ಇರಲಿಲ್ಲ.

ಈಗ ಖರೇನೇ ಮೊಣಕಾಲ ನೋಯ್ತದ, ಬುಟ್ಟಿ ಹೊತ್ತು ಹೊತ್ತು. ಅದು ಹೇಳಲಿಲ್ಲ. ಇನ್ನ ಯಾವ ಬಾಯಿಲೆ ಹೇಳಲಿ.

ಗರ್ಭಚೀಲ ತಗೀಬೇಕಂತ. ಮೊದಲ ಮೈಯಾಗ ರಕ್ತ ಹಾಕ್ತಾರಂತ. ತಗದಿದ್ದು ಹೈದರಾಬಾದಿಗಿ ತಪಾಸಣಿಗಿ ಹೋಗ್ತದಂತ. ಅದು ಬಂದ ಮ್ಯಾಲೇ ಮುಂದಿಂದು ಹೇಳ್ತಾರಂತ. ಕೆಟ್ಟದ್ದಾ ಒಳ್ಳೇದಾ ಅಂದ್ರ ಡಾಕ್ಟರಿಗೂ ಗೊತ್ತಿಲ್ಲಂತ. ಆ ಪೆಟ್ಟಿಗಿಗಿ ಕೇಳ್ರಿ ಅಂದೆ. ನಕ್ಕರು. ಅದಕ್ಕ ನಾವು ಹೇಳಿದಷ್ಟೇ ಗೊತ್ತು ಬಾಯಿ ಅಂದ್ರು.

ಮಚ್ಛೇಂದ್ರಗ ಏನೂ ಅನಬ್ಯಾಡ. ಔರಾದಿನಾಗ ಅಷ್ಟು ಮಂದಿ ಮುಂದ ನಿಂತಾನ. ಕಿವಿ ಕೆಂಪ ಆಗಿದ್ವು.

ಜೂನ್ ಒಂಬತ್ತಕ್ಕ ಆಪರೇಷನ್. ಕೂಡ ಯಾರು ಇರ್ತಾರ, ಹೆಸರ ಹೇಳು, ಬರಕೋಬೇಕು ಅಂದ್ರು ಡಾಕ್ಟರ್. ಪರದಿ ಕೆಳಗ ಮಚ್ಛೇಂದ್ರನ ಕಾಲು ಕಾಣ್ತಿದ್ವು. ಆದ್ರ ಹೆಣ್ಣುಮಗಳು ಬೇಕಲ್ಲ. ನಾ ಹೇಳಿದೆ, ಅನುಸೂಯಾ ಗಂಡ ಮಾಣಿಕ, ಬರೀರಿ. ಬರ್ತಾಳೇನು ಖಾತ್ರಿ ಅಂತ ಕೇಳಿದ್ರು. ಬರ್ತಾಳ ಅಂದೆ. ಟಕ್ ಟಕ್ ಅಂತ ಬರಕೊಂಡ್ರು. ನಿನ್ನ ಮುಕಾದಮ ಬಿಡ್ತಾನೋ ಇಲ್ಲೋ ನನಗೇನು ಗೊತ್ತು. ಆ ಪೆಟ್ಟಿಗ್ಯಾಗ ನಾ ಎರಡು ಸಲ ಸುಳ್ಳ ಬರೆಸೀನಿ. ಇದು ಮೂರನೇದು ಆಗಬಾರದು.

ನಿಮ್ಮವ್ವ
ಜಿಜಾಬಾಯಿ